ಕಬ್ಬಿಣ ತೆಗೆದು ಸುಣ್ಣ ತುಂಬಿದ್ದು: ಇಂಗ್ಲೆಂಡಿನ ಹಳ್ಳಿಯೊಂದರ ಕುಟುಂಬ ಸಮಾಧಿಯ ರಿಪೇರಿ

ಗ್ಲೌಸ್ಟರ್‌ಶೈರ್‌ನ ಸ್ಟ್ರೌಡ್ ಸುತ್ತಲಿನ ಕಣಿವೆಗಳಲ್ಲಿರುವ ಒಂದು ಹಳ್ಳಿ. ಅಲ್ಲಿನ ಚರ್ಚಿನ ಅಂಗಳದಲ್ಲಿ ನಮ್ಮ ಸಣ್ಣ ಕಲ್ಲುಕೆಲಸದ ತಂಡ ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸಿದ ಸಮಾಧಿಯ ಕೆಲಸದ ದಾಖಲೆ ಇದು. ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಬಿಟ್ಟಿದ್ದೇನೆ, ವಂಶದವರು ಇನ್ನೂ ಇದ್ದಾರೆ. ಕಲ್ಲು, ಸುಣ್ಣ, ಕಬ್ಬಿಣದ ವಿಷಯದಲ್ಲಿ ಮಾತ್ರ ಏನನ್ನೂ ಮುಚ್ಚಿಟ್ಟಿಲ್ಲ.

ಇಲ್ಲಿನವರು ಇದನ್ನು ಚೆಸ್ಟ್ ಟೂಂಬ್ ಅನ್ನುತ್ತಾರೆ. ಸೊಂಟದೆತ್ತರದ ಕಲ್ಲಿನ ಪೆಟ್ಟಿಗೆ. ಕೆಳಗೆ ಪೀಠ, ಅದರ ಮೇಲೆ ನಾಲ್ಕು ಮೂಲೆಗೆ ಕೆತ್ತನೆಯ ಗಿಡ್ಡ ಕಂಬಗಳು, ಕಂಬಗಳ ನಡುವೆ ತೆಳ್ಳನೆಯ ಫಲಕಗಳು, ಎಲ್ಲದರ ಮೇಲೆ ಒಂದೇ ತುಂಡಿನ ಭಾರಿ ಚಪ್ಪಡಿ. ಹೆಣ ಪೆಟ್ಟಿಗೆಯೊಳಗೇ ಇದೆ ಎಂದು ಅಂಗಳಕ್ಕೆ ಬಂದವರೆಲ್ಲ ಅಂದುಕೊಳ್ಳುತ್ತಾರೆ. ಒಳಗಿರುವುದು ಇಟ್ಟಿಗೆ ಚೂರು, ಕಲ್ಲಿನ ಪುಡಿ, ಮಿಕ್ಕಂತೆ ಬರೀ ಗಾಳಿ. ಸತ್ತವರು ನೆಲದಡಿಯ ಇಟ್ಟಿಗೆ ಗುಂಡಿಯಲ್ಲಿದ್ದಾರೆ. ಮೇಲಿನದು ಗುರುತಿಗೆ, ಅದಕ್ಕಿಂತ ಹೆಚ್ಚಾಗಿ ಅಂತಸ್ತು ತೋರಿಸಲಿಕ್ಕೆ.

ಆ ಅಂತಸ್ತು ಉಣ್ಣೆಯಿಂದ ಬಂದದ್ದು. 18ನೇ ಶತಮಾನದಲ್ಲಿ ಈ ಕಣಿವೆಗಳಲ್ಲಿ ನೇಯ್ದು ಕೆಂಪು ಬಣ್ಣ ಕಟ್ಟಿದ ದಪ್ಪ ಬಟ್ಟೆ ಬ್ರಿಟಿಷ್ ಸೈನ್ಯದ ಕೋಟುಗಳಿಗೆ ಹೋಗುತ್ತಿತ್ತು, ಈಸ್ಟ್ ಇಂಡಿಯಾ ಕಂಪನಿಯೂ ಕೊಳ್ಳುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಗೋಡೆ ಹತ್ತಿದ ಕೆಲವರ ಮೈಮೇಲೆ ಇಲ್ಲಿನ ಬಟ್ಟೆ ಇದ್ದರೂ ಇದ್ದೀತು. ಫಲಕದ ಮುಂದೆ ಮೊಣಕಾಲೂರಿ ಕೂತಾಗ ಇಂಥದ್ದೆಲ್ಲ ತಲೆಗೆ ಬರುತ್ತದೆ. ಇನ್ನೊಂದು ವಿಷಯ ಕೇಳಿ: ಹೆಣಕ್ಕೆ ಉಣ್ಣೆಯ ಬಟ್ಟೆಯನ್ನೇ ಹೊದಿಸಬೇಕು, ತಪ್ಪಿದರೆ 5 ಪೌಂಡ್ ದಂಡ ಎಂದು ಇಂಗ್ಲೆಂಡಿನಲ್ಲಿ 1660-70ರ ದಶಕಗಳಲ್ಲಿ ಕಾನೂನು ಬಂತು. ಅದು ಪುಸ್ತಕದಿಂದ ಪೂರ್ತಿ ಹೋದದ್ದು 1814ರಲ್ಲಿ. ನಮ್ಮ ಸಮಾಧಿಯ ಯಜಮಾನರಿಗೆ ಊರಿನಲ್ಲಿ ಯಾರು ಸತ್ತರೂ ಒಂದಿಷ್ಟು ವ್ಯಾಪಾರ.

ನಾವು ಮೊದಲ ಸಲ ನೋಡಿದಾಗ ಚಪ್ಪಡಿ ಒಂದು ಮೂಲೆಗೆ ವಾಲಿತ್ತು. ಆ ಮೂಲೆಯ ಕಂಬ ಎರಡು ತುಂಡಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಉತ್ತರದ ಫಲಕ ಹೊರಕ್ಕೆ ಉಬ್ಬಿ, ನಡುವೆ ಉದ್ದಕ್ಕೆ ಸೀಳಿತ್ತು. ಸಂದಿಯೊಳಗಿಂದ ಆ್ಯಶ್ ಮರದ ಸಸಿಯೊಂದು ಆರಾಮಾಗಿ ಎದ್ದು ನಿಂತಿತ್ತು. ಎಲ್ಲಕ್ಕಿಂತ ಎದ್ದು ಕಂಡದ್ದು ಬೂದು ಸಿಮೆಂಟು. ಕಳೆದ ಶತಮಾನದಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಪ್ರತಿ ಸಂದಿಗೂ ಮೆತ್ತಿ ಹೋಗಿದ್ದರು. ಕಾಲ ಕೆಡಿಸಿದ್ದಕ್ಕಿಂತ ಹೆಚ್ಚು ಆ ಸಿಮೆಂಟು ಮತ್ತು ಮೂಲ ಕಟ್ಟಡದ ಕಬ್ಬಿಣ ಸೇರಿ ಕೆಡಿಸಿವೆ ಎನ್ನುವುದು ಬಿಚ್ಚುತ್ತಾ ಹೋದಂತೆ ಖಚಿತವಾಯಿತು.

ಕಾಗದದ ಕೆಲಸ

ಚರ್ಚ್ ಆಫ್ ಇಂಗ್ಲೆಂಡ್‌ನ ಅಂಗಳದಲ್ಲಿ ಪಾದ್ರಿ ಹೂಂ ಅಂದರೆ ಸಾಲದು. ಧರ್ಮಪ್ರಾಂತ್ಯಕ್ಕೆ ಅದರದ್ದೇ ನ್ಯಾಯಾಲಯವಿದೆ, ಅದರ ನ್ಯಾಯಾಧೀಶರಿಗೆ ಚಾನ್ಸೆಲರ್ ಎನ್ನುತ್ತಾರೆ. ಅವರು ಫ್ಯಾಕಲ್ಟಿ ಎಂಬ ಆದೇಶ ಕೊಡುವವರೆಗೆ ಉಳಿ ಮುಟ್ಟುವ ಹಾಗಿಲ್ಲ. ಅದಕ್ಕೂ ಮೊದಲು ಸಲಹಾ ಸಮಿತಿ ಕೆಲಸದ ವಿವರ ಓದಿ ಅಭಿಪ್ರಾಯ ಹೇಳಬೇಕು. ಸಮಾಧಿ ಗ್ರೇಡ್ 2 ರಕ್ಷಿತ ಪಟ್ಟಿಯಲ್ಲಿ ಇರುವುದರಿಂದ ಪ್ರಶ್ನೆಗಳೂ ಜಾಸ್ತಿ.

ಮಾಲೀಕತ್ವದ ವಿಷಯ ಇನ್ನೂ ವಿಚಿತ್ರ. ನೆಲ ಚರ್ಚಿನದು, ಕಲ್ಲು ಮಾತ್ರ ಯಾರ ನೆನಪಿಗೆ ನಿಂತಿದೆಯೋ ಅವರ ವಾರಸುದಾರರದು. ಮುನ್ನೂರು ವರ್ಷದ ಹತ್ತಿರ ಬಂದ ಕಲ್ಲಿಗೆ ವಾರಸುದಾರರನ್ನು ಎಲ್ಲಿ ಹುಡುಕುವುದು? ಹುಡುಕಿ ಸಿಗದಿದ್ದರೆ, ಸಿಕ್ಕವರು ಒಪ್ಪದಿದ್ದರೂ ಸಹ, ನ್ಯಾಯಾಲಯ ಅನುಮತಿ ಕೊಡಬಹುದು ಎಂದು ಕಾನೂನಿದೆ. ನಮ್ಮ ಅದೃಷ್ಟಕ್ಕೆ ವಂಶದ ಹಿರಿಯ ಹೆಂಗಸೊಬ್ಬರು ಸಿಕ್ಕರು. ಅವರಿಗೆ ಸಂತೋಷವೋ ಸಂತೋಷ. ಒಂದೇ ಬೇಡಿಕೆ: ಮಾಸಿದ ಅಕ್ಷರಗಳನ್ನೆಲ್ಲ ಮತ್ತೆ ಆಳವಾಗಿ ಕೆತ್ತಿಕೊಡಿ. ಈ ಬೇಡಿಕೆಯ ಕಥೆ ಮುಂದೆ ಬರುತ್ತದೆ.

ದಾಖಲೆ

ಒಂದು ಕಲ್ಲನ್ನೂ ಅಲುಗಿಸುವ ಮೊದಲು ಎಲ್ಲ ಬದಿಯ ಫೋಟೋ, ಅಳತೆಯ ನಕ್ಷೆ, ಪ್ರತಿ ಕಲ್ಲಿಗೂ ನಂಬರು. ನಂಬರನ್ನು ಕಲ್ಲಿನ ಮೇಲೆ ಬರೆಯಲಿಲ್ಲ, ದಾರಕ್ಕೆ ಕಟ್ಟಿದ ಚೀಟಿಯಲ್ಲಿ ಬರೆದೆವು. ಅಕ್ಷರ ಓದಲು ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದು ಹಳೇ ರೂಢಿ. ಮೇಲ್ಪದರ ಏಳುತ್ತಿರುವ ಕಲ್ಲಿನ ಮೇಲೆ ಅದನ್ನು ಮಾಡಿದರೆ ಅಕ್ಷರವೇ ಕಾಗದದ ಜೊತೆ ಬರುತ್ತದೆ. ಅದರ ಬದಲು ಕತ್ತಲಾಗುವ ಹೊತ್ತಿಗೆ ಟಾರ್ಚನ್ನು ಫಲಕಕ್ಕೆ ಅಂಟಿದ ಹಾಗೆ ಪಕ್ಕದಿಂದ ಹಿಡಿದು ಫೋಟೋ ತೆಗೆದೆವು. ಹಗಲಲ್ಲಿ ನುಣ್ಣಗೆ ಕಾಣುತ್ತಿದ್ದ ಜಾಗದಲ್ಲಿ ಅಕ್ಷರದ ತಗ್ಗಿಗೆ ನೆರಳು ಬಿದ್ದು ಸಾಲು ಸಾಲೇ ಓದಿಸಿಕೊಂಡವು.

ಅದರಲ್ಲಿ ಒಂದು ದಿನಾಂಕ ಫೆಬ್ರವರಿ 1738/9 ಎಂದಿತ್ತು. ಕೆತ್ತಿದವನ ಅನುಮಾನ ಅಲ್ಲ ಅದು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಸರ್ಕಾರಿ ಲೆಕ್ಕದ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು, ಜನರ ಬಾಯಲ್ಲಿ ಮಾತ್ರ ಜನವರಿ 1ಕ್ಕೆ. ನಡುವಿನ ತಿಂಗಳುಗಳಲ್ಲಿ ಸತ್ತವರಿಗೆ ಎರಡೂ ವರ್ಷ ಹಾಕಿಬಿಡುತ್ತಿದ್ದರು. ಯುಗಾದಿಗೊಂದು, ಜನವರಿಗೊಂದು ಎಂದು ಎರಡು ಹೊಸ ವರ್ಷ ಮಾಡುವ ನಮಗೆ ಇದು ಅರ್ಥವಾಗಲು ಕಷ್ಟವೇನಿಲ್ಲ.

ಬಿಚ್ಚುವ ಕೆಲಸ

ಮೊದಲು ಹಲ್ಲಿ, ಹಾವು, ಬಾವಲಿ ನೋಡಬೇಕು. ತಮಾಷೆಯಲ್ಲ: ಟೊಳ್ಳು ಸಮಾಧಿಯ ಬಿರುಕಿನಲ್ಲಿ ಬಾವಲಿ ಇದ್ದರೆ 1981ರ ವನ್ಯಜೀವಿ ಕಾನೂನಿನ ಪ್ರಕಾರ ಕೆಲಸ ನಿಲ್ಲಿಸಬೇಕು. ನಮ್ಮದರಲ್ಲಿ ಬಾವಲಿ ಇರಲಿಲ್ಲ. ಪೀಠದ ಪಕ್ಕದ ಬೆಚ್ಚನೆ ಜಾಗದಲ್ಲಿ ಸ್ಲೋ ವರ್ಮ್ ಇತ್ತು. ನೋಡಲು ಥೇಟ್ ಹಾವು, ಜಾತಿಯಲ್ಲಿ ಕಾಲಿಲ್ಲದ ಹಲ್ಲಿ. ಅದನ್ನು ಬೇಲಿ ಬುಡದ ತರಗೆಲೆಗೆ ಸಾಗಿಸಿ ಮುಂದುವರಿದೆವು. ಆ್ಯಶ್ ಸಸಿಯನ್ನು ಬುಡಕ್ಕೆ ಕತ್ತರಿಸಿ ಬಿಟ್ಟೆವು. ಎಳೆಯಬಾರದು, ಎಳೆದರೆ ಬೇರಿನ ಜೊತೆ ಫಲಕವೂ ಬರುತ್ತದೆ.

ಸಿಮೆಂಟು ತೆಗೆಯುವುದು ಇಡೀ ಕೆಲಸದ ಅತಿ ಬೇಸರದ ಭಾಗ. ಗ್ರೈಂಡರ್ ಹಾಕಿದರೆ ಕ್ಷಣದಲ್ಲಿ ಮುಗಿಯುತ್ತದೆ, ಜೊತೆಗೆ ಕಲ್ಲಿನ ಅಂಚೂ ಮುಗಿಯುತ್ತದೆ. ಸಣ್ಣ ಬಾಯಿಯ ಉಳಿ, ಹಗುರ ಸುತ್ತಿಗೆ, ಇಷ್ಟೇ. ಈ ಭಾಗದ ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಸುಣ್ಣಕಲ್ಲು ಜುರಾಸಿಕ್ ಕಾಲದ ಬೆಚ್ಚನೆ ಕಡಲಲ್ಲಿ ಹುಟ್ಟಿದ್ದು, ಹತ್ತಿರದಿಂದ ನೋಡಿದರೆ ಮೀನಿನ ಮೊಟ್ಟೆಯಂಥ ದುಂಡು ಕಾಳುಗಳು ಒತ್ತಿ ಕೂತಿರುವುದು ಕಾಣುತ್ತದೆ. ನಮ್ಮ ಕಡೆಯ ಕಣಶಿಲೆಯ (ಗ್ರಾನೈಟ್) ಮೇಲೆ ಕೈ ಪಳಗಿಸಿದವನು ಇಲ್ಲಿ ಮೊದಲು ಕಲಿಯಬೇಕಾದ್ದು ಹೊಡೆತ ಕಡಿಮೆ ಮಾಡುವುದನ್ನು. ಈ ಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಂದಿಯಲ್ಲಿ ಸುಣ್ಣದ ಗಾರೆ ಇದ್ದರೆ ನೀರು ಅದರ ಮೂಲಕ ಹೊರಬೀಳುತ್ತದೆ, ಸವೆಯುವುದಿದ್ದರೆ ಗಾರೆಯೇ ಸವೆಯುತ್ತದೆ. ಸಿಮೆಂಟು ಬಾಗಿಲು ಮುಚ್ಚಿದ ಹಾಗೆ ಕೂತಾಗ ನೀರಿಗೆ ಕಲ್ಲೇ ದಾರಿ. ಹೋಗುವಾಗ ಉಪ್ಪನ್ನೂ ಮೇಲ್ಮೈಗೆ ತರುತ್ತದೆ, ಚಳಿಗಾಲದಲ್ಲಿ ಒಳಗೇ ಹೆಪ್ಪುಗಟ್ಟಿ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಸಿಮೆಂಟು ಗಟ್ಟಿಯಾಗಿಯೇ ಇತ್ತು. ಅದರ ಎರಡೂ ಬದಿಯ ಕಲ್ಲು ಮಾತ್ರ ಬೆರಳಿಗೆ ಪುಡಿಪುಡಿಯಾಗಿ ಬರುತ್ತಿತ್ತು. ಒಂದೆರಡು ಕಡೆ ಸಿಮೆಂಟು ಕಲ್ಲಿಗೆ ಎಷ್ಟು ಬಿಗಿಯಾಗಿ ಕಚ್ಚಿತ್ತೆಂದರೆ ತೆಗೆದರೆ ಅಂಚೇ ಹೋಗುತ್ತದೆ ಎಂದು ಅಲ್ಲೇ ಬಿಟ್ಟೆವು.

ಇನ್ನು ಚಪ್ಪಡಿ. 2.1 ಮೀಟರ್ ಉದ್ದ, 95 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ದಪ್ಪ. ಘನ ಮೀಟರಿಗೆ ಸುಮಾರು 2.2 ಟನ್ ಎಂದು ಲೆಕ್ಕ ಹಾಕಿದರೆ 570 ಕಿಲೋ. ಸಮಾಧಿಯ ಎರಡೂ ಬದಿಗೆ ಅಲ್ಯೂಮಿನಿಯಂ ಗ್ಯಾಂಟ್ರಿ, ಅಂದರೆ ಭಾರ ಎತ್ತುವ ಚೌಕಟ್ಟು, ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದೆವು. ಕಾಲುಗಳ ಕೆಳಗೆ ದಪ್ಪ ಹಲಗೆ ಹಾಸಲೇಬೇಕು, ಏಕೆಂದರೆ ಅಂಗಳದ ನೆಲದಲ್ಲಿ ಎಲ್ಲಿ ಯಾರ ಗುಂಡಿ ಟೊಳ್ಳಾಗಿದೆಯೋ ಹೇಳಲಾಗದು. ಮೊದಲು ಚಪ್ಪಡಿಯ ಹಾಸು, ಅಂದರೆ ಅದು ಕೂತಿರುವ ಗಾರೆಯ ಪದರ, ಬಿಡಿಸಬೇಕು. ಓಕ್ ಮರದ ತೆಳು ಬೆಣೆಗಳನ್ನು ಸುತ್ತಲೂ ಸರದಿಯಲ್ಲಿ, ಒಂದೊಂದಕ್ಕೂ ಒಂದೇ ಏಟು. ಒಂದೇ ಕಡೆ ಜೋರು ಮಾಡಿದರೆ ಚಪ್ಪಡಿ ಅಡ್ಡಕ್ಕೆ ಮುರಿಯುತ್ತದೆ. ಎಲ್ಲೋ ಒಂದು ಸುತ್ತಿನಲ್ಲಿ 'ಕಟಕ್' ಎಂದಿತು. ಎಲ್ಲರೂ ನಿಂತೆವು. ಹಳೆಯ ಗಾರೆ ಬಿಟ್ಟ ಸದ್ದು, ಬೇರೇನಲ್ಲ. ಆಮೇಲೆ ಸಂದಿಯಲ್ಲಿ ಅಗಲ ಪಟ್ಟಿ ತೂರಿಸಿ, ಅಂಚಿಗೆ ಕಾರ್ಪೆಟ್ ತುಂಡು ಕೊಟ್ಟು, ಒಂದೊಂದೇ ಕೊಂಡಿ ಎಳೆದು ಎತ್ತಿ ಪಕ್ಕದ ಮರದ ದಿಮ್ಮಿಗಳ ಮೇಲೆ ಇಳಿಸಿದೆವು.

ಕಬ್ಬಿಣ

ಫಲಕ, ಕಂಬಗಳನ್ನು ಮೂಲ ಕಲ್ಲುಕುಟಿಗರು ಕಬ್ಬಿಣದ ಪಟ್ಟಿಗಳಿಂದ ಒಂದಕ್ಕೊಂದು ಬಿಗಿದಿದ್ದರು. ಪಟ್ಟಿಯ ತುದಿಯನ್ನು ಎರಡೂ ಕಡೆ ಕೊಕ್ಕೆಯಾಗಿ ಬಗ್ಗಿಸಿ, ಕಲ್ಲಿನಲ್ಲಿ ಕೊರೆದ ಗೂಡಿಗೆ ಇಳಿಸಿ, ಕರಗಿಸಿದ ಸೀಸ ಹೊಯ್ದಿದ್ದರು. ಅವರ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಸೀಸ ಪೂರ್ತಿ ಸುತ್ತುವರಿದಿದ್ದ ಕಡೆ ಕಬ್ಬಿಣ ಇವತ್ತಿಗೂ ಕಪ್ಪಗೆ, ಗಟ್ಟಿಯಾಗಿ, ಹೊಡೆದ ಸುತ್ತಿಗೆಯ ಗುರುತಿನ ಸಮೇತ ಇತ್ತು. ಸೀಸದ ಹೊದಿಕೆ ಎಲ್ಲಿ ತೆರೆದಿತ್ತೋ ಅಲ್ಲಿ ನೀರು ಸೇರಿ ತುಕ್ಕು ಹಿಡಿದಿತ್ತು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕೊಡದಿದ್ದರೆ ಕಲ್ಲನ್ನು ಸೀಳಿ ತೆಗೆದುಕೊಳ್ಳುತ್ತದೆ. ಉತ್ತರದ ಫಲಕ ಸೀಳಿದ್ದು, ಮೂಲೆಗಂಬ ಮುರಿದದ್ದು ಎರಡೂ ಹೀಗೇ. ಇದರ ಮೇಲೆ ಸಿಮೆಂಟು ನೀರನ್ನು ಒಳಗೇ ಕಟ್ಟಿಹಾಕಿ ತುಕ್ಕಿಗೆ ಬೇಕಾದ್ದನ್ನು ಒದಗಿಸುತ್ತಾ ಇತ್ತು.

ತುಕ್ಕುಪಟ್ಟಿಯನ್ನು ಹಿಡಿದು ಎಳೆಯುವುದಲ್ಲ. ಸುತ್ತಲೂ ಸಣ್ಣ ಬಿಟ್‌ನಿಂದ ಒತ್ತೊತ್ತಾಗಿ ತೂತು ಕೊರೆದು, ನಡುವಿನ ಸೇತುವೆಗಳನ್ನು ಉಳಿಯಿಂದ ಬಿಡಿಸಿದರೆ ಪಟ್ಟಿ ಸಡಿಲವಾಗುತ್ತದೆ. ಡ್ರಿಲ್ ಹೊಡೆತದ ಮೋಡಿನಲ್ಲಿ ಇರಕೂಡದು, ಬರೀ ತಿರುಗಬೇಕು. ಕೆಟ್ಟವನ್ನೆಲ್ಲ ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸರಳು ಬಗ್ಗಿಸಿ ಹಾಕಿದೆವು. ಸೀಸದೊಳಗೆ ಚೆನ್ನಾಗಿದ್ದ ಎರಡು ಮೂಲ ಪಟ್ಟಿಗಳನ್ನು ತೆಗೆಯಬೇಕೋ ಬೇಡವೋ ಎಂದು ತಂಡದಲ್ಲಿ ಚರ್ಚೆಯಾಯಿತು. ಬಿಟ್ಟೆವು. ಇಷ್ಟು ಕಾಲ ನಡೆದುಕೊಂಡ ರೀತಿಯೇ ಅವಕ್ಕೆ ಸರ್ಟಿಫಿಕೇಟು. ಮುರಿದ ಕಂಬಕ್ಕೆ ನಡುವೆ ಸ್ಟೀಲ್ ಸರಳು ಕೊಟ್ಟು ಜೋಡಿಸುವಾಗ ಮಾತ್ರ ರೆಸಿನ್ ಎಂಬ ಅಂಟು ಬಳಸಿದೆವು, ಅದೂ ಸರಳಿನ ತೂತಿನೊಳಗಷ್ಟೇ. ಮುರಿದ ಮುಖಗಳ ನಡುವೆ ರೆಸಿನ್ ಹರಡಿದರೆ ಅದೂ ಸಿಮೆಂಟಿನ ಹಾಗೆ ನೀರಿಗೆ ಅಡ್ಡಗೋಡೆ.

ಬುಡ

ಮೂಲೆ ಕುಸಿದದ್ದು ಕೆಳಗಿನ ಮಣ್ಣು ಕೂತದ್ದರಿಂದ. ಎಷ್ಟು ಆಳ ಅಗೆಯಬಹುದು ಎಂದು ಫ್ಯಾಕಲ್ಟಿಯಲ್ಲೇ ಮಿತಿ ಇತ್ತು, ಅದನ್ನು ಮೀರಲಿಲ್ಲ. ಮಣ್ಣಿನಲ್ಲಿ ಒಂದೆರಡು ಮೂಳೆ ಚೂರು ಬಂತು. ಶತಮಾನಗಳಿಂದ ಅಗೆದು ಹೂತ ಅಂಗಳದಲ್ಲಿ ಇದು ಸಾಮಾನ್ಯ. ಅಗೆತ ನಿಲ್ಲಿಸಿ ಪಾದ್ರಿಯನ್ನು ಕರೆದೆವು, ಅವರು ಪ್ರಾರ್ಥನೆ ಮಾಡಿ ಅದೇ ಜಾಗದಲ್ಲಿ ಮುಚ್ಚಿಸಿದರು. ಕೆಳಗೆ ಜಲ್ಲಿ ದಮ್ಮಸು ಮಾಡಿ ಮೇಲೆ ಸುಣ್ಣದ ಕಾಂಕ್ರೀಟು ಹಾಕಿ ಪೀಠವನ್ನು ಬಹುಪಾಲು ರಸಮಟ್ಟಕ್ಕೆ ತಂದೆವು. ಪೂರ್ತಿ ಮಟ್ಟಕ್ಕೆ ಅಲ್ಲ. ಉಳಿದ ಮೂರು ಮೂಲೆಗಳೂ ತುಸು ತುಸು ವಾಲಿ ನೆಲೆ ಕಂಡಿವೆ, ಅವನ್ನು ಎಬ್ಬಿಸಿ ಸರಿಮಾಡುವುದು ಇಲ್ಲದ ತೊಂದರೆ ತಂದುಕೊಂಡಂತೆ.

ಗಾರೆ

ಹಾಸುಗಳಿಗೆ 3.5 ದರ್ಜೆಯ ಜಲಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ) ಒಂದು ಪಾಲು, ಮರಳು ಎರಡೂವರೆ ಪಾಲು. ದರ್ಜೆಯ ಅಂಕಿ ಎಂದರೆ 28 ದಿನಕ್ಕೆ ಬರಬೇಕಾದ ಕನಿಷ್ಠ ಗಟ್ಟಿತನ, ಮೆಗಾಪಾಸ್ಕಲ್ ಲೆಕ್ಕದಲ್ಲಿ. ಸಂದಿ ನಾಲ್ಕೈದು ಮಿಲಿಮೀಟರ್ ಮಾತ್ರ ಆದ್ದರಿಂದ ಮರಳನ್ನು ಸಣ್ಣ ಜರಡಿಯಲ್ಲಿ ಹಾಯಿಸಬೇಕು. ಮೇಲ್ಮೈಯ ಗಾಯಗಳಿಗೆ ಅರಳಿಸಿದ ಸುಣ್ಣದ ಮುದ್ದೆ, ಅದೇ ಜಾತಿಯ ಕಲ್ಲಿನ ಪುಡಿ. ಬಣ್ಣ ಹೊಂದಿಸಲು ಬಿಲ್ಲೆಗಳನ್ನು ಮಾಡಿ ಒಣಗಲು ಬಿಟ್ಟು, ಒಣಗಿದ ಮೇಲೆಯೇ ಕಲ್ಲಿನ ಪಕ್ಕ ಹಿಡಿದು ನೋಡಬೇಕು. ಹಸಿಯಿದ್ದಾಗ ಎಲ್ಲವೂ ಹೊಂದುತ್ತವೆ. ನಮ್ಮ ಕಡೆ ಹಳೇ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸುತ್ತಿದ್ದರು ಎಂದು ಹಿರಿಯ ಮೇಸ್ತ್ರಿಗೆ ಹೇಳಿದೆ. ಸಿಹಿ ತನ್ನ ಚಹಾಕ್ಕೇ ಸಾಲುತ್ತಿಲ್ಲ, ಗಾರೆಗೆಲ್ಲಿ ಕೊಡಲಿ ಅಂದರು.

ಉತ್ತರದ ಫಲಕದ ಒಳಬಿರುಕಿಗೆ ಸೂಜಿ ಚುಚ್ಚಿ ತೆಳು ಸುಣ್ಣ ಇಳಿಸಿದೆವು. ಮೊದಲು ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ ಹಾಯಿಸಬೇಕು, ಆಗ ಒಣ ಬಿರುಕು ಸುಣ್ಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸುಣ್ಣ ಎಲ್ಲೆಲ್ಲಿ ಸೋರುತ್ತದೋ ಅಲ್ಲಿಗೆ ಹತ್ತಿ ಒತ್ತಿ, ಸಿರಿಂಜ್ ಹಿಡಿದವನು ಅಲುಗಾಡದೆ ಕೂರಬೇಕು. ಈ ಫಲಕದ ಹುಟ್ಟಿನಲ್ಲೇ ಒಂದು ಐಬಿದೆ. ಗಣಿಯಲ್ಲಿ ಅಡ್ಡಡ್ಡ ಮಲಗಿದ್ದ ಪದರಗಳ ಕಲ್ಲನ್ನು ತೆಳ್ಳಗೆ ಬಿಡಿಸಿ ನೆಟ್ಟಗೆ ನಿಲ್ಲಿಸಿದ್ದಾರೆ. ತೆಳು ಫಲಕಕ್ಕೆ ಬೇರೆ ಉಪಾಯವೂ ಇರಲಿಲ್ಲ. ಹಾಗೆ ನಿಂತ ಕಲ್ಲು ಮುಂದೊಂದು ದಿನ ಹಾಳೆ ಹಾಳೆಯಾಗಿ ಏಳುತ್ತದೆ. ನಾವು ಮಾಡಿದ್ದು ಆ ದಿನವನ್ನು ಮುಂದಕ್ಕೆ ಹಾಕಿದ್ದು, ಅಷ್ಟೇ.

ಅಕ್ಷರದ ಜಗಳ

ಜಗಳ ಅನ್ನುವುದು ದೊಡ್ಡ ಮಾತಾಯಿತು, ಸೌಜನ್ಯದ ಹಟ ಎನ್ನಿ. ವಂಶದ ಹಿರಿಯರ ವಾದ ಸರಳ: ಹೆಸರು ಓದಲಾಗದ ಸಮಾಧಿ ಯಾಕೆ? ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ನಮ್ಮ ಉತ್ತರ ಹೀಗಿತ್ತು. ಮತ್ತೆ ಕೆತ್ತಬೇಕಾದರೆ ಗಟ್ಟಿ ಕಲ್ಲು ಸಿಗುವವರೆಗೆ ಇಡೀ ಮುಖವನ್ನು ತೆಗೆಯಬೇಕು. 1730ರ ದಶಕದವನ ಕೈಬರಹ, ಅವನು ಸಾಲು ಮುಗಿಯಲಾರದೆ ಕೊನೆಯ ಅಕ್ಷರವನ್ನು ಚಿಕ್ಕದು ಮಾಡಿ ಮೇಲಕ್ಕೆ ಏರಿಸಿದ್ದು, ಎಲ್ಲ ಹೋಗಿ ನನ್ನ ಕೈಬರಹ ಉಳಿಯುತ್ತದೆ. ಜೊತೆಗೆ ದಕ್ಷಿಣದ ಫಲಕದ ಮೇಲೆ ಕಿತ್ತಳೆ ಬಣ್ಣದ ಕಲ್ಲುಹೂವಿನ ದೊಡ್ಡ ವೃತ್ತಗಳಿವೆ, ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವಂಥವು. ಬ್ರಿಟನ್ನಿನ ಸುಮಾರು 2000 ಜಾತಿಯ ಕಲ್ಲುಹೂಗಳಲ್ಲಿ 700ಕ್ಕೂ ಹೆಚ್ಚು ಚರ್ಚ್ ಅಂಗಳಗಳಲ್ಲಿ ಕಂಡಿವೆ. ಅದಕ್ಕೇ ನಾವು ಬ್ಲೀಚ್, ತಂತಿ ಬ್ರಶ್, ಪ್ರೆಶರ್ ವಾಷರ್ ಯಾವುದನ್ನೂ ಹತ್ತಿರ ಸೇರಿಸಲಿಲ್ಲ. ಮರು ಜೋಡಿಸುವಾಗ ಪ್ರತಿ ಫಲಕವೂ ಮೊದಲಿದ್ದ ದಿಕ್ಕಿಗೇ ಮುಖ ಮಾಡುವಂತೆ ನೋಡಿಕೊಂಡೆವು.

ಕೊನೆಗೆ ಮಾತು ಮುಗಿಸಿದ್ದು ರಾಲ್ಫ್ ಬಿಗ್‌ಲ್ಯಾಂಡ್. 1784ರಲ್ಲಿ ತೀರಿಕೊಂಡ ಈ ಮನುಷ್ಯ ಮನೆತನಗಳ ವಂಶಾವಳಿ, ಲಾಂಛನಗಳನ್ನು ನೋಡಿಕೊಳ್ಳುವ ರಾಜನ ಅಧಿಕಾರಿ. ಗ್ಲೌಸ್ಟರ್‌ಶೈರ್‌ನ ಊರೂರು ಚರ್ಚಿನ ಸಮಾಧಿ ಬರಹಗಳನ್ನು ದಾಖಲಿಸಿಟ್ಟ ಪುಣ್ಯಾತ್ಮ. ಅವನ ಸಂಗ್ರಹ ಅವನು ಹೋದ ಮೇಲೆ ಅಚ್ಚಾಯಿತು. ಅದರಲ್ಲಿ ಈ ಮನೆತನದ ಹಿರಿಯರ ಹೆಸರು, ತೀರಿಕೊಂಡ ದಿನ, ವಯಸ್ಸು ಸಾಲಾಗಿ ಇದ್ದವು. ಅವನ ನಂತರದವರದ್ದು ಚರ್ಚಿನ ದಫನ ಪುಸ್ತಕದಲ್ಲಿ ಸಿಕ್ಕಿತು. ಟಾರ್ಚ್ ಬೆಳಕಿನ ನಮ್ಮ ಫೋಟೋಗಳ ಜೊತೆ ತಾಳೆ ಹಾಕಿ ಪೂರ್ತಿ ಪಾಠ ಅಚ್ಚು ಹಾಕಿಸಿ ವಂಶದ ಆ ಹಿರಿಯ ಹೆಂಗಸಿಗೊಂದು ಪ್ರತಿ, ಚರ್ಚಿಗೊಂದು ಪ್ರತಿ ಕೊಟ್ಟೆವು. ಅವರು ಓದಿ ಮುಗಿಸಿ, 'ಸರಿ, ಕಲ್ಲು ಹಾಗೇ ಇರಲಿ' ಅಂದರು. ಪೂರ್ತಿ ಒಪ್ಪಿದ ಮುಖವೇನೂ ಇರಲಿಲ್ಲ.

ಮತ್ತೆ ಜೋಡಿಸಿದ್ದು

ಇದು ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಒಳಗೆ ಇಟ್ಟಿಗೆಯ ಗೋಡೆ ಹೊಸದಾಗಿ ಕಟ್ಟಿ ಚಪ್ಪಡಿಯ ಭಾರವನ್ನು ಅದರ ಮೇಲೆ ಬಿಟ್ಟೆವು, ಹಾಗಾಗಿ ಫಲಕಗಳು ಈಗ ತಮ್ಮ ಭಾರ ಮಾತ್ರ ಹೊರುತ್ತವೆ. ಒಳಗಾಳಿ ಆಡಲು ಪೀಠದ ಹತ್ತಿರ ಎರಡು ಸಣ್ಣ ಸಂದಿಗಳನ್ನು ಗಾರೆ ತುಂಬದೆ ಉಳಿಸಿದ್ದೇವೆ. ಚಪ್ಪಡಿ ಇಳಿಸುವ ಮುನ್ನ ಹಾಸಿನಲ್ಲಿ ತೆಳು ಸೀಸದ ಚೂರುಗಳನ್ನು ಇಟ್ಟರೆ ಹಸಿ ಗಾರೆಯೆಲ್ಲ ಹಿಂಡಿ ಹೊರಬರುವುದಿಲ್ಲ. ಮುಗಿದ ಸಂದಿಗಳಿಗೆ ಒದ್ದೆ ಗೋಣಿತಾಟು ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್. ಸುಣ್ಣ ಬೇಗ ಒಣಗಿದರೆ ಪುಡಿಯಾಗುತ್ತದೆ, 5 ಡಿಗ್ರಿಗಿಂತ ಚಳಿಯಾದರೆ ಕೂಡುವುದೇ ಇಲ್ಲ. ಅದಕ್ಕೇ ಇಂಥ ಕೆಲಸವನ್ನು ಇಲ್ಲಿ ಅಕ್ಟೋಬರ್ ಹೊತ್ತಿಗೆ ಸುತ್ತಿಟ್ಟುಬಿಡುತ್ತಾರೆ.

ಬಿಟ್ಟದ್ದೂ ಇದೆ. ಪಶ್ಚಿಮದ ಫಲಕದಲ್ಲಿ ಎದ್ದಿರುವ ಪದರದ ಅಂಚಿಗೆ ನೀರು ನಿಲ್ಲದ ಹಾಗೆ ಗಾರೆಯ ಸಣ್ಣ ಇಳಿಜಾರು ಕೊಟ್ಟಿದ್ದೇವೆ, ಪದರವನ್ನು ಅಂಟಿಸಲು ಹೋಗಿಲ್ಲ. ಚಳಿಗಾಲ ಕಳೆದ ಮೇಲೆ ಅದನ್ನೂ ಹೊಸ ಬುಡದ ಮೂಲೆಯನ್ನೂ ಒಮ್ಮೆ ಅಳೆಯಬೇಕು. ಅದಕ್ಕೆಂದೇ ಸೀಸದ ಎರಡು ಚುಕ್ಕಿ ಗುರುತು ಇಟ್ಟಿದ್ದೇವೆ. ನನ್ನ ನಿಜವಾದ ಚಿಂತೆ ಹುಲ್ಲು ಕತ್ತರಿಸುವ ಯಂತ್ರದ್ದು. ಅದರ ನೈಲಾನ್ ದಾರ ಪೀಠದ ಅಂಚನ್ನು ವರ್ಷವರ್ಷವೂ ಕೊಚ್ಚಿರುವುದು ಮೂರು ಬದಿಯಲ್ಲಿ ಕಾಣುತ್ತದೆ. ಸಮಾಧಿಯಿಂದ ಒಂದು ಮೊಳ ದೂರದವರೆಗೆ ಯಂತ್ರ ಬರಕೂಡದು, ಅಲ್ಲಿ ಕೈಕತ್ತರಿಯೇ ಆಗಬೇಕು ಎಂದು ಚರ್ಚಿನ ಉಸ್ತುವಾರಿ ನೋಡುವ ವಾರ್ಡನ್ನರಿಗೆ ಬರೆದುಕೊಟ್ಟಿದ್ದೇವೆ. ಹುಲ್ಲಿನ ಗುತ್ತಿಗೆದಾರನಿಗೂ ಒಂದು ಪ್ರತಿ ಹೋಗಿದೆ.